ಮಂಡಿಯೊಳಗಿನ ಫೋಟೋ

ಇವತ್ತು ಮಂಡಿ ಆಪರೇಷನ್ನಿನ ಹೊಲಿಗೆ ಬಿಚ್ಚಿದರು. ಜೊತೆಗೆ ನನ್ನ ಮಂಡಿಯೊಳಗಿನ ಫೋಟೋಗಳನ್ನೂ ಕೊಟ್ಟು ಕಳಿಸಿದರು!

ಸುಮಾರು 4 ಮಿಲಿಮೀಟರ್ ದಪ್ಪದ ಕ್ಯಾಮೆರಾ ಕೊಳವೆ. ಜಾಗ ಹಿಗ್ಗಿ ಸರಿಯಾಗಿ ಕಾಣಲಿ ಅಂತ ಒಳಗೆ ಸಲೈನ್ ಬಿಡುತ್ತಾರೆ. ಫೋಟೋದಲ್ಲಿ ಎಲ್ಲ ಬೆಳ್ಳಗೆ, ನುಣ್ಣಗೆ. ನಡುವೆ ಹರಿದ ಮೆನಿಸ್ಕಸ್ (ಮಂಡಿಯ ಮೂಳೆಗಳ ನಡುವಿನ ಮೆತ್ತೆ), ಹಳೇ ಟವೆಲ್ಲಿನ ಅಂಚಿನ ಹಾಗೆ ಎಳೆ ಎಳೆ.

ಮೆಟ್ಟಿಲು ಇಳಿಯುವಾಗ ಮಂಡಿ ಕೈಕೊಡುತ್ತಿದ್ದದ್ದು ಇಷ್ಟು ಚೂರಿನಿಂದ!

ಮೆನಿಸ್ಕಸ್‌ನ ಹೊರ ಅಂಚಿಗೆ ಮಾತ್ರ ರಕ್ತ ಚೆನ್ನಾಗಿ ಸಿಗುತ್ತದೆ. ಅಲ್ಲಿ ಹರಿದರೆ ಎಷ್ಟೋ ಸಲ ಹೊಲಿದು ಕೂಡಿಸಬಹುದು. ನನ್ನದು ಒಳಗಿನ ಅಂಚು. ಅಲ್ಲಿ ಗಾಯ ಕೂಡುವುದೇ ಕಷ್ಟ. ಹಾಗಾಗಿ ಸಡಿಲವಾದದ್ದನ್ನಷ್ಟೇ ಕತ್ತರಿಸಿ ತೆಗೆದರು. ರಕ್ತ ಹೋಗದ ಕಡೆ ದೇಹ ಕೂಡ ರಿಪೇರಿಗೆ ಬರಲ್ಲ, ಅಲ್ವಾ?

ಇನ್ನು ತೊಡೆಯ ಸ್ನಾಯು ಗಟ್ಟಿ ಮಾಡಬೇಕಂತೆ. ಫಿಸಿಯೋ ಹೇಳಿಕೊಟ್ಟ ವ್ಯಾಯಾಮ ಮಾತ್ರ ಮಹಾ ಬೋರು.