ಬಬ್ರುಯ್ಸ್ಕ್‌ಗೆ ಪಂದ್ಯ ನೋಡಲು ಹೋಗುವವರಿಗೆ

ಶನಿವಾರ ಸಂಜೆ ನಡೆಯಬೇಕಿದ್ದ ಫುಟ್‌ಬಾಲ್ ಪಂದ್ಯ ಭಾನುವಾರಕ್ಕೆ ಹೋಗಿದೆ ಎಂಬ ಸಂಗತಿ ನಮಗೆ ತಿಳಿದದ್ದು ಬೆಲರೂಸ್ ದೇಶದ ಬಬ್ರುಯ್ಸ್ಕ್ ಊರಿನ ಸ್ಪಾರ್ತಕ್ ಕ್ರೀಡಾಂಗಣದ ಮುಚ್ಚಿದ ಗೇಟಿನ ಎದುರು ನಿಂತಾಗ. ಒಳಗೆ ಹಿರಿಯರೊಬ್ಬರು ರಬ್ಬರ್ ಪೈಪ್ ಹಿಡಿದು ಹುಲ್ಲಿಗೆ ನೀರು ಬಿಡುತ್ತಿದ್ದರು. ನನ್ನ ಅಕ್ಕನ ಮಗ ರಷ್ಯನ್ ಭಾಷೆಯಲ್ಲಿ ವಿಚಾರಿಸಿದಾಗ ಅವರು ನೀರು ನಿಲ್ಲಿಸದೆಯೇ ‘ಜಾವ್ತ್ರಾ’ ಎಂದರು, ಅಂದರೆ ನಾಳೆ. ನಾವು ಕೋಣೆ ಹಿಡಿದದ್ದು ಒಂದೇ ರಾತ್ರಿಗೆ, ಮಾರನೆಯ ದಿನ ಬೆಳಿಗ್ಗೆ ಗೋಮೆಲ್‌ಗೆ ಹೊರಡುವುದೆಂದು ನಿಶ್ಚಯವಾಗಿತ್ತು. ಬೆಲರೂಸ್‌ನ ಕೆಳ ಶ್ರೇಣಿಗಳ ಪಂದ್ಯಗಳು ಹೀಗೆ ಒಂದೆರಡು ದಿನ ಹಿಂದೆಮುಂದೆ ಆಗುವುದುಂಟೆಂದು ಆಮೇಲೆ ಅಲ್ಲಿಯವರೇ ಹೇಳಿದರು. ಆದ್ದರಿಂದ ತಿಂಗಳ ಮೊದಲೇ ನೋಡಿಕೊಂಡ ವೇಳಾಪಟ್ಟಿಯನ್ನು ನಂಬಿ ಯಾರೂ ಹೊರಡಬಾರದು. ಪಂದ್ಯಕ್ಕೆ ಎರಡು ದಿನ ಮುಂಚೆ ಕ್ಲಬ್ಬಿನ ಪ್ರಕಟಣೆಯನ್ನು ಮತ್ತೊಮ್ಮೆ ನೋಡಿ, ಅದರ ನಂತರವೇ ಕೋಣೆಗೆ ಹಣ ಕೊಡಬೇಕು.

ಪ್ರವಾಸಿಗರು ಸಾಮಾನ್ಯವಾಗಿ ಹೆಸರನ್ನೂ ಕೇಳಿರದ ಈ ಊರಿಗೆ ನಾನು ಹೋದದ್ದಕ್ಕೆ 2020ರ ಲಾಕ್‌ಡೌನ್ ಕಾರಣ. ಆ ವರ್ಷದ ಮಾರ್ಚ್–ಏಪ್ರಿಲ್‌ನಲ್ಲಿ ಯುರೋಪಿನ ಎಲ್ಲ ಲೀಗ್‌ಗಳೂ ನಿಂತುಹೋಗಿ ಬೆಲರೂಸ್ ಲೀಗ್ ಒಂದೇ ನಡೆಯುತ್ತಿದ್ದಾಗ, ಅದರ ಪ್ರಸಾರದ ಹಕ್ಕು ಭಾರತಕ್ಕೂ ಬಂದಿತ್ತು. ಬೆಂಗಳೂರಿನ ಮನೆಯಲ್ಲಿ ಕುಳಿತು ಆ ಪಂದ್ಯಗಳನ್ನು ನೋಡುತ್ತಿದ್ದ ನನಗೆ ಬೆಲ್‌ಶಿನಾ ಎಂಬ ತಂಡ ಹಿಡಿಸಿತು. ಅದು ಚೆನ್ನಾಗಿ ಆಡಿತೆಂದಲ್ಲ, ಆ ವರ್ಷದ ಕೊನೆಗೆ ಅದು ಕೆಳ ಶ್ರೇಣಿಗೆ ಇಳಿಯಿತು. ಹಿಡಿಸಿದ್ದು ಅದರ ಹೆಸರು. ರಷ್ಯನ್ ಭಾಷೆಯಲ್ಲಿ ಶಿನಾ ಎಂದರೆ ಟೈರು, ಬೆಲ್‌ಶಿನಾ ಎಂದರೆ ಬಬ್ರುಯ್ಸ್ಕ್‌ನಲ್ಲಿರುವ ದೊಡ್ಡ ಟೈರ್ ಕಾರ್ಖಾನೆ. ನನ್ನ ತಂದೆ ಬೆಂಗಳೂರಿನ ಐಟಿಐ ಟೆಲಿಫೋನ್ ಕಾರ್ಖಾನೆಯಲ್ಲಿ ದುಡಿದವರು. ಐಟಿಐ, ಎಚ್‌ಎಎಲ್ ತಂಡಗಳ ಪಂದ್ಯವಿದ್ದಾಗ ಅಶೋಕನಗರದ ಫುಟ್‌ಬಾಲ್ ಮೈದಾನಕ್ಕೆ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಕಾರ್ಖಾನೆಯ ತಂಡವೆಂದರೆ ಏನು, ಅದರ ಆಟಗಾರರನ್ನು ಕಾರ್ಮಿಕರು ಹೇಗೆ ತಮ್ಮ ಮನೆಯ ಹುಡುಗರಂತೆ ಹೆಸರು ಹಿಡಿದು ಕೂಗುತ್ತಾರೆ ಎಂಬುದು ಅದನ್ನು ಕಂಡವರಿಗೆ ಗೊತ್ತು. ಅಕ್ಕನ ಮಗ ಗೋಮೆಲ್‌ನಲ್ಲಿ ವೈದ್ಯಕೀಯ ಓದಲು ಸೇರಿದ ಮೇಲೆ, ಅವನನ್ನು ನೋಡಲು ಹೋದಾಗ ಬಬ್ರುಯ್ಸ್ಕ್‌ನಲ್ಲಿ ಇಳಿಯಲೇಬೇಕೆಂದು ನಿರ್ಧರಿಸಿದೆ. ಊರು ಮಿನ್ಸ್ಕ್ ಮತ್ತು ಗೋಮೆಲ್ ನಡುವೆ, ಎರಡಕ್ಕೂ ಸುಮಾರು 150 ಕಿಲೋಮೀಟರ್ ದೂರದಲ್ಲಿದೆ.

ತಂಡದ ಕಥೆಯನ್ನು ಸ್ವಲ್ಪವಾದರೂ ತಿಳಿದುಕೊಂಡು ಹೋಗಬೇಕು, ಇಲ್ಲದಿದ್ದರೆ ಅಲ್ಲಿ ಕಾಣುವುದು ಒಂದು ಸಣ್ಣ ಮೈದಾನ ಮಾತ್ರ. ಕಾರ್ಖಾನೆಯಿಂದ ಮೊದಲ ಟೈರ್ ಹೊರಬಂದದ್ದು 1972ರಲ್ಲಿ. ನಾಲ್ಕು ವರ್ಷಗಳ ನಂತರ, 1976ರಲ್ಲಿ, ಕಾರ್ಖಾನೆಯ ಹೆಸರಿನಲ್ಲಿ ತಂಡ ಕಟ್ಟಿದರು. ಆಗ ಅದರ ಹೆಸರು ಶಿನ್ನಿಕ್, ಅಂದರೆ ಟೈರ್ ಮಾಡುವವನು. ಸೋವಿಯತ್ ಒಕ್ಕೂಟ ಒಡೆದು ಬೆಲರೂಸ್ ತನ್ನದೇ ಲೀಗ್ ಆರಂಭಿಸಿದ ಮೇಲೆ, 1990ರ ದಶಕದಲ್ಲಿ ಈ ಊರಿನಿಂದ ಎರಡು ತಂಡಗಳು ಮೇಲಿನ ಶ್ರೇಣಿಯಲ್ಲಿ ಆಡಿದವು. ಒಂದು ಟೈರ್ ಕಾರ್ಖಾನೆಯದು, ಇನ್ನೊಂದು ಪ್ಲೈವುಡ್ ಮತ್ತು ಮರಗೆಲಸದ ಕಾರ್ಖಾನೆಯ ಫಾನ್‌ಡೋಕ್. ಫಾನ್‌ಡೋಕ್ ಹೆಚ್ಚು ಕಾಲ ಉಳಿಯಲಿಲ್ಲ. ಶಿನ್ನಿಕ್ ಮಾತ್ರ ಬೆಲ್‌ಶಿನಾ ಎಂದು ಹೆಸರು ಬದಲಿಸಿಕೊಂಡು 1997ರಲ್ಲಿ ದೇಶದ ಕಪ್ ಗೆದ್ದಿತು, ಅದರ ಬಲದಿಂದ ಯುರೋಪಿನ ಕಪ್ ವಿನ್ನರ್ಸ್ ಕಪ್‌ನಲ್ಲಿ ಲೊಕೊಮೊತಿವ್ ಮಾಸ್ಕೋ ತಂಡವನ್ನು ಎದುರಿಸಿ ಸೋತಿತು. 1999ರಲ್ಲಿ ಮತ್ತೆ ಕಪ್ ಗೆದ್ದಿತು. 2001ರಲ್ಲಿ ಲೀಗ್ ಮತ್ತು ಕಪ್ ಎರಡನ್ನೂ ಒಂದೇ ವರ್ಷ ಗೆದ್ದಿತು.

ಆ ಕಾಲದ ಪಟ್ಟಿಯನ್ನು ನೋಡಿದರೆ ಇದು ಒಂಟಿ ಪವಾಡವಲ್ಲವೆಂದು ತಿಳಿಯುತ್ತದೆ. 1998ರಿಂದ 2003ರವರೆಗೆ ಆರು ವರ್ಷ ಲೀಗ್ ಪ್ರಶಸ್ತಿ ಒಮ್ಮೆಯೂ ರಾಜಧಾನಿ ಮಿನ್ಸ್ಕ್‌ಗೆ ಹೋಗಲಿಲ್ಲ. ಮೊಗಿಲ್ಯೋವ್, ಬರೀಸೊವ್, ಮೊಜಿರ್, ಬಬ್ರುಯ್ಸ್ಕ್, ಮತ್ತೆ ಬರೀಸೊವ್, ಆಮೇಲೆ ಗೋಮೆಲ್, ಹೀಗೆ ಊರೂರು ಸುತ್ತಿತು. ಚಾಂಪಿಯನ್ ಆದ ಮರುವರ್ಷ ಬೆಲ್‌ಶಿನಾ ಚಾಂಪಿಯನ್ಸ್ ಲೀಗ್‌ನ ಅರ್ಹತಾ ಸುತ್ತಿನಲ್ಲಿ ಉತ್ತರ ಐರ್ಲೆಂಡಿನ ಪೋರ್ಟಡೌನ್ ತಂಡವನ್ನು ದಾಟಿ, ಇಸ್ರೇಲಿನ ಮಕಾಬಿ ಹೈಫಾ ಎದುರು ಸೋತಿತು. ಅಲ್ಲಿಂದ ಮುಂದೆ ಇಳಿತ. ಗೆದ್ದ ಮೂರು ವರ್ಷಗಳೊಳಗೆ ತಂಡ ಎರಡನೇ ಶ್ರೇಣಿಗೆ ಇಳಿದಿತ್ತು, ಅಂದಿನಿಂದ ಇಂದಿನವರೆಗೂ ಏರುವುದು ಇಳಿಯುವುದೇ ಅದರ ಬಾಳು. ಅಲ್ಲಿನ ತಂಡಗಳು ಬಹುಪಾಲು ಸರ್ಕಾರಿ ಕಾರ್ಖಾನೆ ಮತ್ತು ಊರಿನ ಆಡಳಿತದ ಹಣವನ್ನೇ ನೆಚ್ಚಿಕೊಂಡಿವೆ. ಆ ಹಣದ ಹರಿವು ಸಣ್ಣದಾದಾಗ ಒಳ್ಳೆಯ ಆಟಗಾರರು ಬೇರೆ ಊರಿಗೆ ಹೋಗುತ್ತಾರೆ, ಉಳಿದವರ ಮೇಲೆ ಭಾರ ಬೀಳುತ್ತದೆ. ಇದನ್ನು ಐಟಿಐ ತಂಡದಲ್ಲಿ ಕಂಡ ನನಗೆ ಬೇರೆ ವಿವರಣೆ ಬೇಕಾಗಲಿಲ್ಲ.

ಇಲ್ಲೊಂದು ಎಚ್ಚರಿಕೆ ಹೇಳಬೇಕು. ಬೆಲರೂಸ್‌ನಲ್ಲಿ ಮೊದಲನೇ ಲೀಗ್ ಎಂದರೆ ಎರಡನೇ ಶ್ರೇಣಿ, ಎರಡನೇ ಲೀಗ್ ಎಂದರೆ ಮೂರನೇ ಶ್ರೇಣಿ. ಎಲ್ಲಕ್ಕೂ ಮೇಲಿನದನ್ನು ವಿಶ್ಶಯಾ ಲೀಗಾ, ಅಂದರೆ ಅತ್ಯುನ್ನತ ಲೀಗ್ ಎನ್ನುತ್ತಾರೆ. ನಾನು ಹೋದಾಗ ಬೆಲ್‌ಶಿನಾ ಆಡುತ್ತಿದ್ದದ್ದು ಮೊದಲನೇ ಲೀಗ್‌ನಲ್ಲಿ. ಈ ಹೆಸರಿನ ಗೊಂದಲದಿಂದ ಬೇರೆ ದಿನದ, ಬೇರೆ ಲೀಗ್‌ನ ಪಟ್ಟಿಯನ್ನು ನೋಡಿಕೊಂಡು ಹೊರಡುವ ಸಂಭವವಿದೆ.

ಮಿನ್ಸ್ಕ್‌ನಿಂದ ಹೋಗುವುದಕ್ಕೆ ರೈಲೂ ಇದೆ, ಮಾರ್ಷ್ರುತ್ಕಾ ಎಂಬ ಸಣ್ಣ ವ್ಯಾನೂ ಇದೆ. ಬೇಗ ಹೋಗುತ್ತದೆಂದು ನಾವು ಮಾರ್ಷ್ರುತ್ಕಾ ಹತ್ತಿದೆವು, ಅದು ಈ ಪ್ರವಾಸದ ದೊಡ್ಡ ತಪ್ಪು. ಮುಂಗಡವಾಗಿ ಕಾಯ್ದಿರಿಸಿದ ಸೀಟುಗಳನ್ನು ಚಾಲಕ ಬೇರೆಯವರಿಗೆ ಕೊಟ್ಟಿದ್ದ. ನಮಗೆ ಸಿಕ್ಕಿದ್ದು ಹಿಂದಿನ ಚಕ್ರದ ಮೇಲಿನ ಎರಡು ಸೀಟು, ಅಲ್ಲಿ ಕಾಲು ಚಾಚಲು ಜಾಗವೇ ಇರಲಿಲ್ಲ. ಜೂನ್ ತಿಂಗಳ ಬಿಸಿಲಿನಲ್ಲಿ ಎಸಿ ನಿಲ್ಲಿಸಿದ್ದರು, ಕಿಟಕಿಗಳನ್ನೂ ಮುಚ್ಚಿದ್ದರು. ನಾನು ಕಿಟಕಿಯನ್ನು ನಾಲ್ಕು ಬೆರಳಷ್ಟು ಸರಿಸಿದೊಡನೆ ಮುಂದೆ ಕುಳಿತಿದ್ದ ಅಜ್ಜಿ ತಿರುಗಿ ನೋಡಿ, ತಲೆಯ ವಸ್ತ್ರವನ್ನು ಕಿವಿಯ ಮೇಲಕ್ಕೆ ಎಳೆದುಕೊಂಡು ‘ಸ್ಕ್ವಜ್ನ್ಯಾಕ್’ ಎಂದರು. ಎದುರುಬದುರು ಬೀಸುವ ಗಾಳಿ ಮೈಗೆ ತಾಗಿದರೆ ಕಾಯಿಲೆ ಬರುತ್ತದೆಂಬ ನಂಬಿಕೆ ಆ ಸೀಮೆಯಲ್ಲಿ ಬಲವಾಗಿದೆಯೆಂದು ಅಕ್ಕನ ಮಗ ಹೇಳಿದ. ಹಿರಿಯರ ಮಾತು ಮೀರಲಾಗದೆ ಕಿಟಕಿ ಮುಚ್ಚಿದೆ. ಎರಡು ಗಂಟೆಗಳ ದಾರಿಯಲ್ಲಿ ನನಗೆ ಎರಡು ಬಾರಿ ವಾಂತಿ ಬರುವಂತಾಯಿತು. ಮುಚ್ಚಿದ ವಾಹನ ಸಹಿಸದವರು ದಯವಿಟ್ಟು ರೈಲಿನಲ್ಲಿಯೇ ಹೋಗಿ. ಮಿನ್ಸ್ಕ್–ಗೋಮೆಲ್ ರೈಲುಮಾರ್ಗ ಅಸಿಪೊವಿಚಿ, ಬಬ್ರುಯ್ಸ್ಕ್, ಜ್ಲೋಬಿನ್ ಮೂಲಕವೇ ಹೋಗುತ್ತದೆ. ಹೊತ್ತು ಸ್ವಲ್ಪ ಹೆಚ್ಚಾದರೂ ಎದ್ದು ಓಡಾಡಬಹುದು, ಪೈನ್ ಕಾಡುಗಳನ್ನು ನೋಡುತ್ತ ಹೋಗಬಹುದು.

ಕೋಣೆಯ ವಿಷಯದಲ್ಲಿ ನಮಗೆ ಆದದ್ದು ಮೋಸವೇ. ಹೋಟೆಲಿಗಿಂತ ಅಗ್ಗವೆಂದು ದಿನದ ಬಾಡಿಗೆಗೆ ಕೊಡುವ ಒಂದು ಫ್ಲ್ಯಾಟ್ ಹಿಡಿದೆವು. ಫೋನಿನಲ್ಲಿ ಹೇಳಿದ್ದು 60 ರೂಬಲ್, ಅಂದರೆ ನಮ್ಮ ಹಣದಲ್ಲಿ ಸುಮಾರು ಸಾವಿರದ ಆರುನೂರು ರೂಪಾಯಿ. ಬೀಗದ ಕೈ ಕೊಡುವಾಗ ಮನೆಯವರು ಅದು ತಲೆಗೆ 60 ಎಂದರು. ಪಂದ್ಯ ಮುಂದೆ ಹೋಗಿ ಮಾರನೆಯ ದಿನವೂ ಕೋಣೆ ಬೇಕಾದಾಗ ವಾರಾಂತ್ಯವೆಂದು ಇನ್ನಷ್ಟು ಸೇರಿಸಿದರು. ಇದೆಲ್ಲವನ್ನೂ ಸಹಿಸಬಹುದಿತ್ತು, ಆದರೆ ನಲ್ಲಿ ತಿರುಗಿಸಿದರೆ ಬಿಸಿನೀರಿನ ಕಡೆಯಿಂದ ಗಾಳಿ ಮಾತ್ರ ಬಂತು. ‘ಮಾಮ, ಇಲ್ಲಿ ಬೇಸಿಗೆಯಲ್ಲಿ ಬಿಸಿನೀರು ನಿಲ್ಲಿಸ್ತಾರೆ, ನಮ್ಮ ಹಾಸ್ಟೆಲ್‌ನಲ್ಲೂ ಹಾಗೇ, ಕೇಳೋದು ಮರೆತೆ’ ಎಂದು ಹುಡುಗ ಬೇಸರಪಟ್ಟ. ಅಲ್ಲಿ ಮನೆಮನೆಗೆ ಗೀಸರ್ ಇರುವುದು ಕಡಿಮೆ, ಊರಿನ ಬಾಯ್ಲರ್ ಕೇಂದ್ರಗಳಿಂದಲೇ ಬಿಸಿನೀರು ಪೈಪಿನಲ್ಲಿ ಬರುತ್ತದೆ. ಪ್ರತಿ ಬೇಸಿಗೆಯಲ್ಲಿ ಆ ಪೈಪುಗಳನ್ನು ಪರೀಕ್ಷಿಸಿ ದುರಸ್ತಿ ಮಾಡಲು ಒಂದೊಂದು ಬಡಾವಣೆಗೆ ಸರದಿಯಂತೆ ಕೆಲವು ದಿನ, ಕೆಲವೊಮ್ಮೆ ಎರಡು ವಾರದವರೆಗೆ, ನಿಲ್ಲಿಸುತ್ತಾರೆ. ಅದು ಆ ಊರಿನ ಪದ್ಧತಿ, ಯಾರನ್ನೂ ದೂರುವಂತಿಲ್ಲ. ಗೊತ್ತಿದ್ದೂ ಹೇಳದೆ ಪೂರ್ತಿ ಬಾಡಿಗೆ ತೆಗೆದುಕೊಂಡದ್ದು ಮಾತ್ರ ತಪ್ಪು. ಮೇ ತಿಂಗಳಿನಿಂದ ಆಗಸ್ಟ್‌ವರೆಗೆ ಹೋಗುವವರು ಮೂರು ಪ್ರಶ್ನೆಗಳನ್ನು ಬರಹದಲ್ಲಿಯೇ ಕೇಳಿ ಉತ್ತರ ಪಡೆಯಬೇಕು: ಬಾಡಿಗೆ ಕೋಣೆಗೋ ತಲೆಗೋ, ಬಿಸಿನೀರು ಆ ದಿನಗಳಲ್ಲಿ ಇದೆಯೋ ಇಲ್ಲವೋ, ಇಲ್ಲದಿದ್ದರೆ ಮನೆಯಲ್ಲಿ ಗೀಸರ್ ಇದೆಯೋ. ನಾವು ಎರಡು ದಿನವೂ ಗ್ಯಾಸ್ ಒಲೆಯ ಮೇಲೆ ಪಾತ್ರೆಯಲ್ಲಿ ನೀರು ಕಾಯಿಸಿಕೊಂಡು ಸ್ನಾನ ಮಾಡಿದೆವು.

ಇಷ್ಟೆಲ್ಲ ಆದ ಮೇಲೂ ಆ ಊರಿನ ಬಗ್ಗೆ ನನ್ನ ಮನಸ್ಸು ಮೆತ್ತಗಾದದ್ದು ಒಂದು ಸ್ತಲೋವಾಯಾದಿಂದ. ಸ್ತಲೋವಾಯಾ ಎಂದರೆ ಸೋವಿಯತ್ ಕಾಲದಿಂದ ಬಂದ ಕ್ಯಾಂಟೀನ್, ಹೆಚ್ಚಾಗಿ ಮಧ್ಯಾಹ್ನದ ಊಟಕ್ಕೆ. ಟ್ರೇ ಹಿಡಿದು ಸಾಲಿನಲ್ಲಿ ಸಾಗಬೇಕು, ಬೇಕಾದದ್ದನ್ನು ಬೆರಳು ತೋರಿಸಿದರೆ ಬಿಳಿ ಟೋಪಿ ಹಾಕಿದ ಹೆಂಗಸರು ಬಡಿಸಿಕೊಡುತ್ತಾರೆ, ಕೊನೆಯಲ್ಲಿ ಹಣ ಕೊಡಬೇಕು. ನಾನು ಮಾಂಸ ತಿನ್ನುವುದಿಲ್ಲ, ಮೊಟ್ಟೆಗೆ ಅಡ್ಡಿಯಿಲ್ಲ. ‘ಬೆಜ್ ಮ್ಯಾಸಾ’, ಮಾಂಸವಿಲ್ಲದ್ದು, ಎಂಬ ಎರಡು ಪದ ಕಲಿತಿದ್ದೆ. ಅದನ್ನು ಕೇಳಿದ ಹೆಂಗಸು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಸಾಲನ್ನು ನಿಲ್ಲಿಸಿ, ಒಂದೊಂದು ಪಾತ್ರೆಯ ಮುಚ್ಚಳ ಎತ್ತಿ ತೋರಿಸುತ್ತ ‘ದಾ’, ‘ನ್ಯೆತ್’ ಎಂದು ಹೌದು ಅಲ್ಲ ಹೇಳುತ್ತ ಬಂದರು. ಹಿಂದೆ ನಿಂತಿದ್ದವರು ಯಾರೂ ಗೊಣಗಲಿಲ್ಲ. ನನ್ನ ತಟ್ಟೆಗೆ ಬಂದದ್ದು ದ್ರಾನಿಕಿ, ಅಂದರೆ ತುರಿದ ಆಲೂಗಡ್ಡೆಯನ್ನು ಎಣ್ಣೆಯಲ್ಲಿ ದೋಸೆಯಂತೆ ಹುಯ್ದು ಎರಡೂ ಮಗ್ಗುಲು ಕೆಂಪಗೆ ಬೇಯಿಸಿದ್ದು. ಅಂಚು ಗರಿಗರಿ, ನಡುವೆ ಮೆತ್ತಗೆ, ಮೇಲೆ ಸ್ಮೆತಾನಾ ಎಂಬ ಗಟ್ಟಿ ಹುಳಿಕೆನೆ. ಬಿಸಿಯಾದದ್ದರ ಮೇಲೆ ತಣ್ಣನೆಯ ಕೆನೆ ಕರಗಿ ಅಂಚಿಗೆ ಇಳಿಯುವಾಗಲೇ ತಿನ್ನಬೇಕು. ಜೊತೆಗೆ ಹಲೋದ್ನಿಕ್, ಬೀಟ್‌ರೂಟ್ ಮತ್ತು ಮಜ್ಜಿಗೆಯಂಥ ಕೆಫಿರ್ ಸೇರಿಸಿ, ಸೌತೆಕಾಯಿ ಹೆಚ್ಚಿಹಾಕಿ, ಸಬ್ಬಸಿಗೆ ಸೊಪ್ಪು ಉದುರಿಸಿದ ಗುಲಾಬಿ ಬಣ್ಣದ ತಣ್ಣನೆಯ ಸೂಪು. ಮೊದಲ ಚಮಚಕ್ಕೇ ನನಗೆ ಅಮ್ಮ ಮಾಡುತ್ತಿದ್ದ ಬೀಟ್‌ರೂಟ್ ಮೊಸರುಬಜ್ಜಿ ನೆನಪಾಯಿತು. ಅಣಬೆ ಹಾಕಿದ ಗ್ರೆಚ್ಕಾ ಧಾನ್ಯ, ಎಲೆಕೋಸಿನ ಕೋಸಂಬರಿಯಂಥದ್ದು, ಕುದಿಸಿದ ಹಣ್ಣಿನ ಕಂಪೋತ್, ಎಲ್ಲ ಸೇರಿ ಒಬ್ಬರಿಗೆ 9 ರೂಬಲ್ ಆಯಿತು. ಹುಡುಗ ಎರಡು ವರ್ಷದಿಂದ ಆ ದೇಶದಲ್ಲಿದ್ದೂ ಇಷ್ಟು ಹೊಟ್ಟೆ ತುಂಬ ಉಂಡದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಲ್ಲಿಗೆ ನಾವು ಮೂರು ಬಾರಿ ಹೋದೆವು, ಮೂರನೆಯ ಬಾರಿ ಕೇಳದೆಯೇ ದ್ರಾನಿಕಿ ನಾಲ್ಕರ ಬದಲು ಐದು ಬಂದವು. ಒಂದು ಮಾತು ನೆನಪಿಡಿ: ಎರಡು ಗಂಟೆಯ ಮೇಲೆ ಹೋದರೆ ಒಳ್ಳೆಯದೆಲ್ಲ ಮುಗಿದಿರುತ್ತದೆ.

ಭಾನುವಾರದ ಪಂದ್ಯಕ್ಕೆ ಟಿಕೆಟ್ ಕೆಲವೇ ರೂಬಲ್, ಗೇಟಿನ ಬಳಿಯೇ ಸಿಕ್ಕಿತು. ಚೀಲ ತೆರೆಸಿ ನೋಡುತ್ತಾರೆ, ನೀರಿನ ಬಾಟಲಿ ಒಳಗೆ ಬಿಡಲಿಲ್ಲ. ಪೊಲೀಸರ ಫೋಟೋ ತೆಗೆಯಬೇಡಿ, ರಾಜಕೀಯದ ಮಾತು ಎತ್ತಬೇಡಿ. ಕ್ರೀಡಾಂಗಣ ನಾಲ್ಕು ಸಾವಿರ ಜನರೂ ಹಿಡಿಯದಷ್ಟು ಚಿಕ್ಕದು. ಬಂದಿದ್ದವರು ಕೆಲವೇ ನೂರು ಮಂದಿ, ಅದರಲ್ಲಿ ಅರ್ಧ ಹಿರಿಯರು, ಉಳಿದ ಅರ್ಧ ಅವರ ಮೊಮ್ಮಕ್ಕಳು. ಜನಜಂಗುಳಿ ನನಗೆ ಆಗುವುದಿಲ್ಲ, ಆದ್ದರಿಂದ ಈ ಖಾಲಿ ಸೀಟುಗಳು ನನಗೆ ಸುಖವೆನಿಸಿದವು. ಅಬ್ಬರ, ಘೋಷಣೆ, ಬಣ್ಣದ ಹೊಗೆ ಬೇಕೆನ್ನುವವರು ಮಿನ್ಸ್ಕ್‌ಗೆ ಹೋಗುವುದು ಒಳ್ಳೆಯದು. ಇಲ್ಲಿ ಗೋಲ್‌ಕೀಪರ್ ತನ್ನ ರಕ್ಷಕರನ್ನು ಬೈಯುವುದು ಕೊನೆಯ ಸಾಲಿಗೂ ಕೇಳಿಸುತ್ತದೆ, ಚೆಂಡು ಕಂಬಕ್ಕೆ ಬಡಿದ ಸದ್ದು ಎದೆಗೆ ತಾಗುತ್ತದೆ.

ನನ್ನ ಪಕ್ಕದಲ್ಲಿ ಕುಳಿತಿದ್ದ ಹಿರಿಯರು ಸೂರ್ಯಕಾಂತಿ ಬೀಜವನ್ನು ಕಾಗದದ ಪೊಟ್ಟಣದಿಂದ ಒಂದೊಂದಾಗಿ ಹಲ್ಲಿಗಿಟ್ಟು ಸಿಪ್ಪೆಯನ್ನು ಅಂಗೈಯಲ್ಲಿ ಕೂಡಿಡುತ್ತಿದ್ದರು. ಕಾರ್ಖಾನೆಯಲ್ಲಿ ಟೈರ್ ಬೇಯಿಸುವ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಭಾರತದಿಂದ ಬಂದಿದ್ದೇನೆಂದು ಹುಡುಗ ಹೇಳಿದಾಗ, ನಮ್ಮ ಕಲ್ಲಿದ್ದಲು ಗಣಿಗಳಲ್ಲಿ ಬೆಲರೂಸ್‌ನಲ್ಲಿ ತಯಾರಾದ ಬೆಲಾಜ್ ಡಂಪರ್‌ಗಳು ಓಡುತ್ತವೆಂಬುದು ಅವರಿಗೆ ಗೊತ್ತಿತ್ತು. ಅವುಗಳ ಚಕ್ರ ಎಷ್ಟು ಎತ್ತರವೆಂದು ಎದ್ದು ನಿಂತು, ಕೈಯನ್ನು ತಲೆಯ ಮೇಲಕ್ಕೆ ಎತ್ತಿ ತೋರಿಸಿದರು. ತಂಡ ಚಾಂಪಿಯನ್ ಆದ ವರ್ಷ ಇಲ್ಲಿ ಇದ್ದಿರಾ ಎಂದು ಕೇಳಿಸಿದೆ. ಅವರು ಮಾತನಾಡಲಿಲ್ಲ. ಮುಂದಿನ ಸಾಲಿನ ಖಾಲಿ ಸೀಟಿನ ಬೆನ್ನಿನ ಮೇಲೆ ಕೂತಿದ್ದ ಧೂಳಿನಲ್ಲಿ ತೋರುಬೆರಳಿನಿಂದ 2001 ಎಂದು ನಿಧಾನವಾಗಿ ಬರೆದು, ನಾನು ಓದಿದೆನೆಂದು ಖಾತ್ರಿಯಾದ ಮೇಲೆ, ತನ್ನ ಎದೆ ಮುಟ್ಟಿಕೊಂಡರು. ಪಂದ್ಯ ಮುಗಿದು ಎಲ್ಲರೂ ಎದ್ದು ಹೋಗುವಾಗಲೂ ಆ ಅಂಕಿ ಹಾಗೆಯೇ ಇತ್ತು. ಆ ದಿನದ ಆಟದ ಬಗ್ಗೆ ಹೆಚ್ಚು ಹೇಳುವುದಕ್ಕೇನಿಲ್ಲ. ಪಾಸುಗಳು ತಪ್ಪುತ್ತಿದ್ದವು, ಆದರೆ ಹುಡುಗರು ತೊಂಬತ್ತು ನಿಮಿಷವೂ ಓಡಿದರು.

ಊರಿನಲ್ಲಿ ನೋಡಲು 1810ರಲ್ಲಿ ಕಟ್ಟಲು ಆರಂಭಿಸಿದ ಇಟ್ಟಿಗೆಯ ಕೋಟೆಯ ಅವಶೇಷಗಳಿವೆ, 1812ರಲ್ಲಿ ನೆಪೋಲಿಯನ್ನನ ಸೇನೆ ಅದನ್ನು ಹಿಡಿಯಲಾಗಲಿಲ್ಲ. ಅದಕ್ಕೆ ಒಂದು ಗಂಟೆ ಸಾಕು. ಊರಿನ ಹೆಸರಿಗೆ ಮೂಲವಾದ ಬೀವರ್ ಪ್ರಾಣಿಯ ಕಂಚಿನ ಮೂರ್ತಿಯ ಬಳಿ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ. ಮನೆಗೆ ತರುವುದಾದರೆ ಊರಿನ ಕ್ರಾಸ್ನಿ ಪಿಶ್ಚೆವಿಕ್ ಕಾರ್ಖಾನೆಯ ಜೆಫಿರ್ ತನ್ನಿ. ಸೇಬಿನ ತಿರುಳು ಮತ್ತು ಮೊಟ್ಟೆಯ ಬಿಳಿಭಾಗವನ್ನು ನೊರೆಯಾಗಿ ಕಡೆದು ಮಾಡಿದ ಮೆತ್ತನೆಯ ಸಿಹಿ ಅದು, ಮೊಟ್ಟೆ ತಿನ್ನದವರಿಗೆ ಮೊದಲೇ ತಿಳಿಸಿ ಕೊಡಿ. ಪೆಟ್ಟಿಗೆಯನ್ನು ಸೂಟ್‌ಕೇಸಿನ ತಳದಲ್ಲಿ ಇಟ್ಟರೆ ಚಪ್ಪಟೆಯಾಗುತ್ತದೆ, ಕೈಚೀಲದಲ್ಲಿಯೇ ಹಿಡಿದುಕೊಳ್ಳಬೇಕು. ಸಂಜೆಯ ಪಂದ್ಯವಾದರೆ ಗೋಮೆಲ್ ಕಡೆಯ ಕೊನೆಯ ರೈಲಿನ ಹೊತ್ತನ್ನು ಬೆಳಿಗ್ಗೆಯೇ ನಿಲ್ದಾಣದ ಫಲಕದಲ್ಲಿ ನೋಡಿಟ್ಟುಕೊಳ್ಳಿ. ನಾವು ಪಂದ್ಯ ಮುಗಿದ ಕೂಡಲೇ ನಡೆದುಹೋಗಿ, ರೈಲು ಬರುವುದಕ್ಕೆ ಹತ್ತು ನಿಮಿಷ ಮುಂಚೆ ಪ್ಲಾಟ್‌ಫಾರ್ಮ್ ಸೇರಿದೆವು.