ಅಪ್ಪನ ಶೇವಿಂಗ್ ಕನ್ನಡಿ

ಮಗಳು ಹುಟ್ಟಿ ಎಂಟನೇ ದಿನ. ಬಾಣಂತಿ ಕೋಣೆ ತುಂಬ ಸಾಂಬ್ರಾಣಿ ಹೊಗೆ. ಅದರ ನಡುವೆಯೂ ನನಗೊಂದು ಕೆಟ್ಟ ವಾಸನೆ ಬಂತು. "ಹಾಲಿನ ವಾಸನೆ ಕಣೇ, ಬಾಣಂತಿ ಅಂದ್ರೆ ಹಂಗೇ" ಅಂದಳು ಅಮ್ಮ. ಹಿಂದಿನ ರಾತ್ರಿ ಚಳಿಜ್ವರ ಬಂದಿತ್ತು. ಅದನ್ನೂ ಹಾಲು ಕಟ್ಟಿದ್ದಕ್ಕೆ ಅಂದುಕೊಂಡಿದ್ದೆವು.

ಸಿಸೇರಿಯನ್ ಗಾಯ ಕಿಬ್ಬೊಟ್ಟೆಯಲ್ಲಿ ಅಡ್ಡಕ್ಕಿರುತ್ತೆ. ಹೆರಿಗೆಯಾದ ಹೊಟ್ಟೆ ಜೋತುಬಿದ್ದು ಅದನ್ನು ಮುಚ್ಚಿಬಿಡುತ್ತೆ, ಬಗ್ಗಿದರೂ ಕಾಣಲ್ಲ. ಸಾಲದ್ದಕ್ಕೆ ಹಳೇ ಸೀರೆಯಲ್ಲಿ ಬಿಗಿಯಾಗಿ ಹೊಟ್ಟೆ ಕಟ್ಟಿದ್ದರು. ಏಳನೇ ದಿನ ಆಶಾ ಅಕ್ಕ ಬಂದು ಮಗುವಿನ ತೂಕ ನೋಡಿ, "ಹೊಲಿಗೆ ಹೇಗಿದೆ?" ಅಂದಾಗ "ಚೆನ್ನಾಗಿದೆ" ಅಂದಿದ್ದೆ. ನಾನು ಒಂದು ಸಲವೂ ನೋಡಿರಲಿಲ್ಲ.

ಅವತ್ತು ಅಪ್ಪನ ಶೇವಿಂಗ್ ಕನ್ನಡಿ ತರಿಸಿಕೊಂಡೆ. ಮಲಗಿ, ಹೊಟ್ಟೆ ಮೇಲೆತ್ತಿ ಹಿಡಿದೆ. ಬಲತುದಿಯಲ್ಲಿ ಎರಡು ಹೊಲಿಗೆಯ ನಡುವೆ ಗಾಯ ಬಾಯಿ ಬಿಟ್ಟಿತ್ತು. ಸುತ್ತ ಕೆಂಪಗೆ ಊದಿತ್ತು, ಮುಟ್ಟಿದರೆ ಸುಡುತ್ತಿತ್ತು. ಹಳದಿ ಕೀವು ಸೀರೆಗೆ ಅಂಟಿತ್ತು.

ಆಸ್ಪತ್ರೆಯಲ್ಲಿ ಹೊಲಿಗೆ ಬಿಚ್ಚಿದರು. ಯಾವ ರೋಗಾಣು ಅಂತ ತಿಳಿಯಲು ಕೀವನ್ನು ಕಲ್ಚರ್ ಪರೀಕ್ಷೆಗೆ ಕಳಿಸಿ, ಡ್ರಿಪ್‌ನಲ್ಲಿ ಆ್ಯಂಟಿಬಯೋಟಿಕ್ ಹಾಕಿದರು. ದಿನಾ ಬೆಳಿಗ್ಗೆ ಡ್ರೆಸ್ಸಿಂಗ್. ಸಿಸ್ಟರ್ ಹಳೇ ಗಾಜ್ ಬಟ್ಟೆ ಎಳೆಯುವಾಗ ಮಂಚದ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದೆ. ಸಲೈನ್‌ನಲ್ಲಿ ತೊಳೆದು ಹೊಸ ಗಾಜ್ ತುಂಬುತ್ತಿದ್ದರು. "ತಳದಿಂದ ಕೆಂಪು ಮಾಂಸ ತುಂಬಿಕೊಂಡು ಬರಬೇಕಮ್ಮ, ಸುಮ್ನೆ ಮೇಲೆ ಮುಚ್ಚಿದ್ರೆ ಕೀವು ಒಳಗೇ ಉಳಿಯುತ್ತೆ" ಅನ್ನುತ್ತಿದ್ದರು. 12 ದಿನ ಕಳೆದ ಮೇಲೆ ಮತ್ತೆ ಹೊಲಿಗೆ ಹಾಕಿದರು. ಹಾಲು ಕುಡಿಸುವುದನ್ನು ಮಾತ್ರ ನಿಲ್ಲಿಸಲಿಲ್ಲ. ಹಾಲೂಡಿಸುವವರಿಗೆ ಆಗುವ ಔಷಧಿಯನ್ನೇ ಡಾಕ್ಟರ್ ಕೊಟ್ಟಿದ್ದರು.

ಬಸುರಿಯಲ್ಲಿ ನನಗೆ ಶುಗರ್ ಇತ್ತು. ಆಪರೇಷನ್‌ಗೆ ಮುಂಚೆ ತುಂಬ ಹೊತ್ತು ಹೆರಿಗೆ ನೋವೂ ತಿಂದಿದ್ದೆ. ಎರಡರಿಂದಲೂ ಗಾಯ ಕೀವಾಗುವ ಭಯ ಜಾಸ್ತಿಯಂತೆ. ಆದರೆ ನೋಡಲು ಬಂದವರೆಲ್ಲ ಕೇಳಿದ್ದು ಒಂದೇ, "ನಂಜಿನ ಪದಾರ್ಥ ಏನು ತಿನ್ನಿಸಿದ್ರಿ?" ಅಮ್ಮ ವಾರ್ಡಿನ ಹೊರಗೆ ಕೂತು ಅತ್ತಳು. ಬದನೆಕಾಯಿ ಮನೆಯೊಳಗೇ ಬಂದಿರಲಿಲ್ಲ! ಗಾಯದೊಳಗೆ ರೋಗಾಣು ಸೇರಿದ್ದಕ್ಕೆ ಅಮ್ಮನ ಸಾರನ್ನು ದೂರಿದ್ದು ಇವತ್ತಿಗೂ ನನಗೆ ಸಂಕಟ.

ಗಾಯ ಕಪ್ಪಗಾದರೆ, ಕಣ್ಣಿಗೆ ಕಾಣುವುದಕ್ಕಿಂತ ನೋವೇ ವಿಪರೀತ ಅನ್ನಿಸಿದರೆ, ಬಾಣಂತಿಗೆ ಮಂಕು ಕವಿದರೆ, ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ನಂಜು ರಕ್ತಕ್ಕೆ ಏರಿದರೆ ಜೀವಕ್ಕೇ ಅಪಾಯ.

ಕಳೆದ ತಿಂಗಳು ಎದುರುಮನೆ ಹುಡುಗಿಗೆ ಸಿಸೇರಿಯನ್ ಆಯಿತು. ಅಮ್ಮ ನೋಡಲು ಹೋದಳು. ಮಗುವನ್ನು ಎತ್ತಿಕೊಳ್ಳುವ ಮೊದಲೇ ಬಾಗಿಲು ಹಾಕಿ, "ಹೊಟ್ಟೆ ಕಟ್ಟಿರೋದು ಬಿಚ್ಚು ಮಗಳೇ, ಗಾಯ ನೋಡ್ತೀನಿ" ಅಂದಳಂತೆ.