ಮೊದಲ ತೋಟಾದ ಹಠ: ಮ್ಯಾಗಜಿನ್ ಶಾಟ್‌ಗನ್ ಕೆಲಸದ ಟಿಪ್ಪಣಿ

ಸಿಕ್ಕಿತು! ಮೊದಲ ತೋಟಾ ಪೂರ್ತಿ ಒಳಗೆ ಹೋಗದೆ ಮೂರು ವಾರ ತಲೆ ತಿಂದ ತೊಂದರೆ ಗ್ಯಾಸಿನದಲ್ಲ, ಮ್ಯಾಗಜಿನ್ ಕೊಂಡಿಯದಲ್ಲ, ತೋಟಾವನ್ನು ಒಳಗೆ ತಳ್ಳಿ ಮುಚ್ಚುವ ಬೋಲ್ಟಿನ ಸ್ಪ್ರಿಂಗಿನದೂ ಅಲ್ಲ. ತೋಟಾ ದುಂಡಗೆ ಇರಲಿಲ್ಲ.

ಕೋವಿ ಸೈಗಾ-12, 70 ಮಿ.ಮೀ. ತೋಟಾಕ್ಕೆ ಹೊಂದುವ ಚೇಂಬರ್ (ನಳಿಗೆಯ ಬುಡದಲ್ಲಿ ತೋಟಾ ಕೂರುವ ಗೂಡು), ಜೊತೆಗೆ 10 ತೋಟಾ ಹಿಡಿಯುವ ನಾಲ್ಕು ಪ್ಲಾಸ್ಟಿಕ್ ಮ್ಯಾಗಜಿನ್. ಗುರಿ ಐಪಿಎಸ್‌ಸಿ (ಓಡಾಡುತ್ತ ಗುರಿ ಹೊಡೆಯುವ ಅಂತರರಾಷ್ಟ್ರೀಯ ಶೂಟಿಂಗ್ ಸ್ಪರ್ಧೆ) ಓಪನ್ ವಿಭಾಗ. ಬಿಚ್ಚುವುದು, ಒರೆಸುವುದು, ಎಣ್ಣೆ ಹಾಕುವುದು ಓದುವವರಿಗೆ ಗೊತ್ತಿರುವ ಕೆಲಸವೇ, ಅದನ್ನೆಲ್ಲ ಇಲ್ಲಿ ಬಿಟ್ಟಿದೆ. ಮೊದಲ 200 ತೋಟಾ 32 ಗ್ರಾಂ ಚರೆಯವು (ಚರೆ ಅಂದರೆ ಒಳಗಿನ ಸೀಸದ ಕಾಳು), ಕೋವಿ ಪಳಗಲಿ ಎಂದು. ಆಮೇಲೆ 28 ಗ್ರಾಂ. ತೋಟಾದ ಬಲ ಸ್ಪರ್ಧೆಗೆ ಸಾಕೇ ಎಂದು ಹೇಳುವ ಪವರ್ ಫ್ಯಾಕ್ಟರ್ ಲೆಕ್ಕಕ್ಕೆ ಚರೆಯ ತೂಕವನ್ನು ಗ್ರೇನ್‌ನಲ್ಲಿ, ವೇಗವನ್ನು ಸೆಕೆಂಡಿಗೆ ಅಡಿಯಲ್ಲಿ ತೆಗೆದುಕೊಂಡು ಗುಣಿಸಿ 1000ದಿಂದ ಭಾಗಿಸಬೇಕು. 28 ಗ್ರಾಂ ಅಂದರೆ 432 ಗ್ರೇನ್. ವೇಗ 1200 ಇದ್ದರೆ 518 ಬರುತ್ತದೆ, ಬೇಕಾದ 480ನ್ನು ನೆಮ್ಮದಿಯಾಗಿ ದಾಟುತ್ತದೆ. 24 ಗ್ರಾಂ ತೋಟಾಕ್ಕೆ ವೇಗ ಸುಮಾರು 1300 ಇಲ್ಲದಿದ್ದರೆ ಆ ಗೆರೆ ಮುಟ್ಟುವುದು ಕಷ್ಟ. ಹಾಗಾಗಿ 28ಕ್ಕೇ ನಿಲ್ಲುವುದು ಒಳ್ಳೆಯದು.

ಈಗ ತೊಂದರೆಯ ವಿಷಯ. ಮ್ಯಾಗಜಿನ್ ಬದಲಿಸಿ ಬೋಲ್ಟ್ ಎಳೆದು ಬಿಟ್ಟಾಗ ಮೊದಲ ತೋಟಾ ಚೇಂಬರಿನೊಳಗೆ ಮುಕ್ಕಾಲು ಪಾಲು ಹೋಗಿ ನಿಲ್ಲುತ್ತಿತ್ತು. ಬೋಲ್ಟ್ ಪೂರ್ತಿ ಮುಚ್ಚಲು ಬೆರಳು ಅಗಲದಷ್ಟು ಬಾಕಿ. ಪ್ರತಿ ಸಲವೂ ಹೀಗಾಗುತ್ತಿರಲಿಲ್ಲ, ಯಾವುದೋ ಒಂದೇ ಮ್ಯಾಗಜಿನ್ನಿನ ಚಾಳಿಯೂ ಆಗಿರಲಿಲ್ಲ. ಬೆಳಿಗ್ಗೆ ಜಾಸ್ತಿ, ಮಧ್ಯಾಹ್ನದ ಹೊತ್ತಿಗೆ ಮಂಗಮಾಯ. ಎರಡನೆಯದರಿಂದ ಹತ್ತನೆಯ ತೋಟಾದವರೆಗೆ ಸಾಮಾನ್ಯವಾಗಿ ಸರಾಗ.

ಹೀಗೆ ನಿಂತ ಬೋಲ್ಟನ್ನು ಅಂಗೈಯಿಂದ ಗುದ್ದಿ ಮುಚ್ಚಬಾರದು. ಬೆರಳು ಟ್ರಿಗರ್‌ನಿಂದ ಹೊರಗೆ, ನಳಿಗೆ ಮಣ್ಣಿನ ದಿಬ್ಬದ ಕಡೆಗೆ, ಮೊದಲು ಮ್ಯಾಗಜಿನ್ ತೆಗೆದು ಆಮೇಲೆ ಬೋಲ್ಟ್ ಹಿಂದಕ್ಕೆ ಎಳೆಯಬೇಕು. ಹಾಗೆ ಹೊರಬಂದ ತೋಟಾವನ್ನು ಎಸೆಯದೆ ಒಂದು ಡಬ್ಬಿಯಲ್ಲಿ ಎತ್ತಿಡಿ. ಕೊನೆಗೆ ಗುಟ್ಟು ಬಿಟ್ಟುಕೊಟ್ಟದ್ದು ಆ ಡಬ್ಬಿಯೇ.

ಈ ಜಾತಿಯ ಕೋವಿಯಲ್ಲಿ ಗುಂಡು ಹಾರಿದಾಗ ಬೋಲ್ಟನ್ನು ಹಿಂದಕ್ಕೆ ತಳ್ಳುವುದು ಮದ್ದಿನ ಗ್ಯಾಸ್, ಹಾಗಾಗಿ ಏನೇ ತಪ್ಪಿದರೂ ಮೊದಲು ಬರುವ ಸಲಹೆ "ಗ್ಯಾಸ್ ನೋಡಿ". ಹಗುರ ತೋಟಾ ಹಾರಿಸಿದಾಗ ಬೋಲ್ಟ್ ಪೂರ್ತಿ ಹಿಂದೆ ಹೋಗದೆ ಖಾಲಿ ತೋಟಾ ಸಿಕ್ಕಿಹಾಕಿಕೊಂಡರೆ ಆ ಸಲಹೆ ಸರಿ. ಇಲ್ಲಿ ಮಾತ್ರ ಬೋಲ್ಟನ್ನು ಹಿಂದಕ್ಕೆ ತಂದದ್ದು ಕೈ. ಇನ್ನೂ ಒಂದು ಗುಂಡೂ ಹಾರಿಲ್ಲ ಅಂದಮೇಲೆ ಗ್ಯಾಸಿಗೆ ಇಲ್ಲಿ ಕೆಲಸವೇ ಇಲ್ಲ. ಇಷ್ಟು ಯೋಚಿಸಿದ್ದರೆ ಒಂದು ವಾರ ಉಳಿಯುತ್ತಿತ್ತು. ಗ್ಯಾಸ್ ರಂಧ್ರ ದೊಡ್ಡದು ಮಾಡಿಸಲು ಓಡುವ ಮುನ್ನ ತೋಟಾ ನಿಂತದ್ದು ಕೈಯಿಂದ ಎಳೆದಾಗಲೋ, ಗುಂಡು ಹಾರಿದ ಮೇಲೋ ಎಂದು ಬರೆದಿಟ್ಟುಕೊಳ್ಳಿ. ಒಮ್ಮೆ ದೊಡ್ಡದಾದ ರಂಧ್ರ ಮತ್ತೆ ಚಿಕ್ಕದಾಗುವುದಿಲ್ಲ. ನಳಿಗೆ, ರಿಸೀವರ್ ಮುಟ್ಟುವ ಕೆಲಸ ಏನಿದ್ದರೂ ಲೈಸೆನ್ಸ್ ಇರುವ ಗನ್‌ಸ್ಮಿತ್‌ಗೆ ಬಿಟ್ಟದ್ದು.

ಎರಡನೆಯ ಅನುಮಾನ ಮ್ಯಾಗಜಿನ್ ಕೊಂಡಿಯ ಮೇಲೆ. ಮುಂದಿನ ಕೊಕ್ಕೆ ಸಿಕ್ಕಿಸಿ ಹಿಂಭಾಗ ಮೇಲಕ್ಕೆ ತೂಗಿ ಕೂರಿಸುವ ಮ್ಯಾಗಜಿನ್ ಇದು. ಹಿಂದಿನ ಕೊಂಡಿ ಸಡಿಲವಿದ್ದರೆ ಮ್ಯಾಗಜಿನ್ ಇಳಿಬಿದ್ದು ಬೋಲ್ಟ್ ತೋಟಾದ ರಿಮ್ (ಬುಡದ ಅಗಲ ಅಂಚು) ಮೇಲೆಯೇ ಜಾರಿಹೋಗುತ್ತದೆ. ಇಲ್ಲಿ ಬೋಲ್ಟ್ ರಿಮ್ಮನ್ನು ಸರಿಯಾಗಿ ಹಿಡಿದು ತಳ್ಳಿತ್ತು. ತೋಟಾ ನಿಂತದ್ದು ಅರ್ಧ ದಾರಿ ದಾಟಿದ ಮೇಲೆ. ಆದರೂ ನಾಲ್ಕೂ ಮ್ಯಾಗಜಿನ್‌ಗಳನ್ನು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿದ್ದಾಯಿತು. 3ನೇ ನಂಬರಿನದು ಸ್ವಲ್ಪ ಅಲ್ಲಾಡುತ್ತದೆ, ಆದರೆ ತೊಂದರೆ ನಾಲ್ಕರಲ್ಲೂ ಇತ್ತು. ಅಂದ ಹಾಗೆ, ಮ್ಯಾಗಜಿನ್‌ಗಳ ಮೇಲೆ ಮೊದಲ ದಿನವೇ ಬಣ್ಣದಲ್ಲಿ ನಂಬರ್ ಬರೆಯಿರಿ. ನಂಬರ್ ಇಲ್ಲದೆ ಮಾಡಿದ ಪರೀಕ್ಷೆ ನೀರಿನ ಮೇಲೆ ಬರೆದ ಹಾಗೆ.

ಮೂರನೆಯದು ಚೇಂಬರಿನ ಕೊಳೆ. 12 ಬೋರಿನ ಕಂಚಿನ ಬ್ರಷ್, ಸಾಲ್ವೆಂಟ್, ಇಪ್ಪತ್ತು ಸಲ ಒಳಗೆ ಹೊರಗೆ. ಕರಗಿ ಅಂಟಿದ ಪ್ಲಾಸ್ಟಿಕ್ ಸಿಪ್ಪೆ ಸಾಕಷ್ಟು ಬಂತು. ತೊಂದರೆ ಕಡಿಮೆಯಾಯಿತು, ನಿಲ್ಲಲಿಲ್ಲ. ಅರ್ಧ ಗುಣವಾದ ಕಾಯಿಲೆಯಷ್ಟು ದಾರಿ ತಪ್ಪಿಸುವಂಥದ್ದು ಇನ್ನೊಂದಿಲ್ಲ. ಕಾರಣ ಸಿಕ್ಕಿತೆಂದು ನಂಬಿ ಮತ್ತೆ ನಾಲ್ಕು ದಿನ ಹೋಯಿತು.

ಮೇಜಿನ ಮೇಲೆ ಡಮ್ಮಿ ತೋಟಾ ಹಾಕಿ ನೋಡಿದಾಗಲಂತೂ ಒಂದೇ ಒಂದು ಸಲವೂ ತಡೆಯಲಿಲ್ಲ. ಕಾರಣ ಆಮೇಲೆ ಹೊಳೆಯಿತು. ಅವು ಗಟ್ಟಿ ಅಲ್ಯೂಮಿನಿಯಂ ಸ್ನ್ಯಾಪ್ ಕ್ಯಾಪ್‌ಗಳು, ಎಷ್ಟು ಹೊತ್ತು ಒತ್ತಿದರೂ ಚಪ್ಪಟೆಯಾಗುವುದಿಲ್ಲ. ನಿಜವಾದ ತೋಟಾದ ಮೈ ತೆಳು ಪ್ಲಾಸ್ಟಿಕ್ ಕೊಳವೆ. ಇಂಥ ಪರೀಕ್ಷೆಗೆ ಮದ್ದು ಮತ್ತು ಅದಕ್ಕೆ ಕಿಡಿ ಹೊತ್ತಿಸುವ ಕ್ಯಾಪ್ ಇಲ್ಲದ, ಆದರೆ ನಿಜವಾದ ಕೊಳವೆಯಲ್ಲಿ ಚರೆ ತುಂಬಿ ಮೂತಿ ಮಡಚಿದ ಡಮ್ಮಿಯೇ ಬೇಕು. ಹಾರಿಸಿ ಉಳಿದ ಖಾಲಿ ತೋಟಾ ನಡೆಯುವುದಿಲ್ಲ. ಅದರ ಮೂತಿ ಬಿಚ್ಚಿ ಉದ್ದ 70 ಮಿ.ಮೀ. ಆಗಿರುತ್ತದೆ. ಹಾರದ ತೋಟಾ ಸುಮಾರು 58 ಮಿ.ಮೀ. ಮಾತ್ರ.

ಡಬ್ಬಿಯಲ್ಲಿ ಎತ್ತಿಟ್ಟಿದ್ದ ತೋಟಾಗಳನ್ನು ವರ್ನಿಯರ್‌ಗೆ ಕೊಟ್ಟಾಗ ಬಾಗಿಲು ತೆರೆಯಿತು. ಲೋಹದ ಬುಡದಿಂದ ಒಂದು ಬೆರಳು ಮುಂದೆ ಅಳೆದರೆ ಒಂದು ದಿಕ್ಕಿನಲ್ಲಿ 20.2, ತೊಂಬತ್ತು ಡಿಗ್ರಿ ತಿರುಗಿಸಿದರೆ 20.7. ಚೇಂಬರ್ ಬುಡದಲ್ಲಿ 20.65 ಮಿ.ಮೀ., ಮುಂದೆ ಹೋಗುತ್ತ 20.30ಕ್ಕೆ ಕಿರಿದಾಗುತ್ತದೆ. ಮೂತಿ ದುಂಡಗಿರುವುದರಿಂದ ತೋಟಾ ಸಲೀಸಾಗಿ ಒಳಗೆ ಹೋಗುತ್ತದೆ, ಹೊಟ್ಟೆ ಬಾಗಿಲಿಗೆ ಬಂದಾಗ ಸಿಕ್ಕಿಕೊಳ್ಳುತ್ತದೆ. ಬೆರಳು ಅಗಲದ ಆ ಸಂದು ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ ಇದೇ.

ಹೊಟ್ಟೆ ಉಬ್ಬಿದ್ದು ಮ್ಯಾಗಜಿನ್ನಿನಲ್ಲಿ. ಹತ್ತು ತೋಟಾ ತುಂಬಿದಾಗ ಸ್ಪ್ರಿಂಗ್ ಪೂರ್ತಿ ಮುದುಡಿ ತನ್ನೆಲ್ಲ ಬಲದಿಂದ ಮೇಲಕ್ಕೆ ಒತ್ತುತ್ತಿರುತ್ತದೆ. ಕೆಳಗಿನ ತೋಟಾಗಳಲ್ಲಿ ಆ ಒತ್ತಡವನ್ನು ಹೆಚ್ಚಾಗಿ ಲೋಹದ ಬುಡಗಳೇ ಹೊರುತ್ತವೆ, ಏಕೆಂದರೆ ರಿಮ್ 22.5 ಮಿ.ಮೀ. ಅಗಲ, ಮೈ 20ರ ಆಸುಪಾಸು. ಹಿಂಬದಿ ಅಗಲವಾಗಿರುವುದಕ್ಕೇ 12 ಬೋರಿನ ಉದ್ದ ಮ್ಯಾಗಜಿನ್ ಬಾಳೆಕಾಯಿಯಂತೆ ಬಾಗಿರುವುದು. ಮೇಲಿನ ತೋಟಾದ ಪಾಡು ಬೇರೆ. ಅದನ್ನು ಮೇಲಿಂದ ತಡೆದು ಹಿಡಿಯುವುದು ಮ್ಯಾಗಜಿನ್ನಿನ ಎರಡು ತುಟಿಗಳು, ಅವು ಕೂರುವುದು ಪ್ಲಾಸ್ಟಿಕ್ ಮೈಮೇಲೆ. ಕೆಳಗಿಂದ ಒಂದು ಒತ್ತು, ಮೇಲೆ ಎಡಬಲದಿಂದ ಎರಡು ಒತ್ತು. ಹನ್ನೆರಡು ಗಂಟೆ ಹೀಗೆ ಬಿಟ್ಟರೆ ಪ್ಲಾಸ್ಟಿಕ್ ಮಣಿಯದೆ ಏನು ಮಾಡೀತು? ಬಿಸಿಲಿಗೆ ನಿಂತ ಕಾರಿನಲ್ಲಿ ಬಿಟ್ಟರೆ ಇನ್ನೂ ಬೇಗ.

ಬೆಳಿಗ್ಗೆ ಜಾಸ್ತಿ, ಮಧ್ಯಾಹ್ನ ಇಲ್ಲ ಎಂಬ ಒಗಟೂ ಇಲ್ಲೇ ಬಿಡಿಸಿಕೊಂಡಿತು. ಬೆಳಗಿನ ಮ್ಯಾಗಜಿನ್ ಹಿಂದಿನ ರಾತ್ರಿ ತುಂಬಿದ್ದು, ಮಧ್ಯಾಹ್ನದ್ದು ಅಲ್ಲೇ ರೇಂಜಿನಲ್ಲಿ ತುಂಬಿದ್ದು.

ಖಾತ್ರಿಗೆ ಒಂದೇ ಪೆಟ್ಟಿಗೆಯ ತೋಟಾ, ಒಂದೇ ಮ್ಯಾಗಜಿನ್, ಎರಡು ಬಗೆ. ರಾತ್ರಿ ತುಂಬಿ ಬೆಳಿಗ್ಗೆ ಎಳೆದದ್ದು ಐದು ಸಲ, ಅದರಲ್ಲಿ ಮೂರು ಸಲ ನಿಂತಿತು. ತುಂಬಿದ ಹತ್ತು ನಿಮಿಷದೊಳಗೆ ಎಳೆದದ್ದು ಐದು ಸಲ, ಒಮ್ಮೆಯೂ ನಿಲ್ಲಲಿಲ್ಲ. ಮೇಲಿನ ತೋಟಾದ ಮೈಗೆ ಮಾರ್ಕರ್ ಪೆನ್ನಿನ ಕಪ್ಪು ಬಳಿದಾಗ ಗಡಿಯಾರದ ಹತ್ತು ಮತ್ತು ಎರಡರ ಜಾಗದಲ್ಲಿ ಉದ್ದಕ್ಕೆ ಎರಡು ಬಿಳಿ ಗೆರೆ ಎದ್ದು ಕಂಡವು. ತುಟಿಯ ಗುರುತು, ಸಂಶಯವೇ ಇಲ್ಲ.

ಕಾರಣ ಗೊತ್ತಾದ ಮೇಲೆ ಮಾಡಿದ ಮೊದಲ ಮದ್ದು ತಪ್ಪು ಮದ್ದು: ಸ್ಪ್ರಿಂಗನ್ನು ಒಂದೂವರೆ ಸುತ್ತು ಕತ್ತರಿಸಿದ್ದು. ಒತ್ತಡ ಕಡಿಮೆಯಾಗಿ ಮೊದಲ ತೋಟಾ ಸರಿಹೋಯಿತು, ಆದರೆ ಒಂಬತ್ತು ಮತ್ತು ಹತ್ತನೆಯದು ಕೈಕೊಟ್ಟವು. ಕೊನೆಯ ತೋಟಾಗಳ ಹೊತ್ತಿಗೆ ಸ್ಪ್ರಿಂಗ್ ಚಾಚಿಕೊಂಡು ಬಲ ಇಳಿದಿರುತ್ತದೆ. ಬೋಲ್ಟ್ ಮುಂದೆ ನುಗ್ಗುವಷ್ಟರಲ್ಲಿ ತೋಟಾ ಮೇಲೆ ಬಂದಿರಬೇಕು, ಬರದಿದ್ದರೆ ಖಾಲಿ ಚೇಂಬರಿನ ಮೇಲೆ ಬೋಲ್ಟ್ ಮುಚ್ಚಿಕೊಳ್ಳುತ್ತದೆ. ಹಾಗೇ ಆಯಿತು. ಮೊದಲ ತೋಟಾಕ್ಕೆ ಒತ್ತಡ ಜಾಸ್ತಿ, ಕೊನೆಯದಕ್ಕೆ ಸಾಲದು. ಇವೆರಡರ ನಡುವೆ ತಯಾರಕರು ಹುಡುಕಿಟ್ಟ ಹದವನ್ನು ಕಟಿಂಗ್ ಪ್ಲೈಯರ್‌ನಿಂದ ಕೆಡಿಸಬಾರದು.

ಹೊಸ ಸ್ಪ್ರಿಂಗ್ ತರಿಸಿದ್ದು ಇನ್ನೊಂದು ಗೋಳು. ಒಂದೇ ಪೊಟ್ಟಣದ ಮೂರು ಸ್ಪ್ರಿಂಗ್‌ಗಳಲ್ಲಿ ಒಂದಕ್ಕೆ ಎರಡು ಸುತ್ತು ಕಡಿಮೆ. ಕೇಳಿದರೆ "ಎಲ್ಲಾ ಒಂದೇ ಸಾರ್" ಎಂಬ ಉತ್ತರ. ಒಂದೇ ಅಲ್ಲ. ಸ್ಪ್ರಿಂಗ್ ಕೈಗೆ ಬಂದ ಕೂಡಲೇ ಸುತ್ತು ಎಣಿಸಿ, ಮೇಜಿನ ಮೇಲೆ ಬಿಡಿಯಾಗಿ ಮಲಗಿಸಿ ಉದ್ದ ಅಳೆದು ಬರೆದಿಡಿ. "ಎಲ್ಲ ಮಾಡೆಲ್ಲಿಗೂ ಹೊಂದುತ್ತದೆ" ಎಂದು ಮಾರುವ ಮ್ಯಾಗಜಿನ್ನಿನ ಹಿಂದಿನ ಕೊಂಡಿ ಅರದಿಂದ ಉಜ್ಜದೆ ಯಾವ ಕೋವಿಗೂ ಹೊಂದಿದ್ದನ್ನು ಕಂಡಿಲ್ಲ.

ಕೆಲಸ ಮಾಡಿದ ಮದ್ದು ಒಂದಲ್ಲ, ನಾಲ್ಕರ ಜೋಡಿ. ಎಲ್ಲಕ್ಕಿಂತ ಮುಖ್ಯವಾದದ್ದು ಹೊತ್ತು: ಮ್ಯಾಗಜಿನ್ ತುಂಬುವುದು ಸ್ಟೇಜಿಗೆ (ಸ್ಪರ್ಧೆಯ ಒಂದು ಸುತ್ತಿಗೆ) ಮುಂಚಿನ ಒಂದು ಗಂಟೆಯೊಳಗೆ. ರಾತ್ರಿ ಎಲ್ಲವೂ ಖಾಲಿ. ತುಂಬುವಾಗ ಮೇಲಿನ ತೋಟಾದ ರಿಮ್ ಕೆಳಗಿನದರ ರಿಮ್ಮಿಗಿಂತ ಮುಂದೆ ಕೂತಿದೆಯೇ ಎಂದು ಒಂದೊಂದಕ್ಕೂ ಬೆರಳಾಡಿಸಿ ನೋಡಿ. ಹಿಂದೆ ಕೂತರೆ ಅದು ಬೇರೆಯೇ ಜಗಳ, ಕೆಳಗಿನ ರಿಮ್ಮಿಗೆ ಕೊಕ್ಕೆಯಾಗಿ ಸಿಕ್ಕಿ ಮುಂದೆ ಬರುವುದೇ ಇಲ್ಲ.

ಆಮೇಲೆ ಹತ್ತರ ಬದಲು ಒಂಬತ್ತು. ಮುಚ್ಚಿದ ಬೋಲ್ಟಿನ ಕೆಳಗೆ ತುಂಬಿದ ಮ್ಯಾಗಜಿನ್ ಸಿಕ್ಕಿಸುವಾಗ ಇಡೀ ಸಾಲು ಇನ್ನೂ ಸ್ವಲ್ಪ ಕೆಳಗೆ ಇಳಿಯಬೇಕು. ಹತ್ತು ತುಂಬಿದರೆ ಸ್ಪ್ರಿಂಗಿಗೆ ಇಳಿಯಲು ಜಾಗವೇ ಉಳಿಯುವುದಿಲ್ಲ. ಒಂಬತ್ತರಲ್ಲಿ ಮ್ಯಾಗಜಿನ್ ಟಕ್ಕೆಂದು ಕೂರುತ್ತದೆ. ಒಂದು ತೋಟಾ ಕಳೆದುಕೊಂಡದ್ದಕ್ಕಿಂತ ಬದಲಾವಣೆಯಲ್ಲಿ ಉಳಿದ ಸಮಯವೇ ಹೆಚ್ಚು.

ಮೂರನೆಯದು ತೋಟಾದ ಆಯ್ಕೆ. ಇಷ್ಟು ದಿನ ಬಳಸಿದ್ದು 8 ಮಿ.ಮೀ. ಎತ್ತರದ ಲೋಹದ ಬುಡದವು. 16 ಮಿ.ಮೀ. ಬುಡದವನ್ನು ಹಾಕಿದಾಗ ತುಟಿಯ ಹಿಂಭಾಗ ಲೋಹದ ಮೇಲೆಯೇ ಕೂತಿತು, ಒತ್ತಡದ ಒಂದು ಪಾಲು ಅಲ್ಲಿಗೆ ಹೋಯಿತು. ಚರೆ ಅದೇ 28 ಗ್ರಾಂ. ಕೊನೆಯದು ತುಟಿಯ ಒಳ ಅಂಚು. ಅಚ್ಚಿನಿಂದ ಬಂದ ಚೂಪು ಗೆರೆ ಉಗುರಿಗೆ ತಗಲುತ್ತಿತ್ತು. ಪೆನ್ಸಿಲ್ ದಪ್ಪದ ಮರದ ಕಡ್ಡಿಗೆ 600 ನಂಬರಿನ ವಾಟರ್ ಪೇಪರ್ ಸುತ್ತಿ ಹತ್ತು ಸಲ, ಆಮೇಲೆ 1000 ನಂಬರಿನದು. ಉಗುರು ಜಾರಿದರೆ ನಿಲ್ಲಿಸಬೇಕು. ತುಟಿಗಳ ನಡುವಿನ ಅಂತರ ಹೆಚ್ಚಾದರೆ ತೋಟಾ ತಾನೇ ಹಾರಿ ಹೊರಗೆ ಬೀಳುತ್ತದೆ, ಆ ಮ್ಯಾಗಜಿನ್ ಗುಜರಿಗೆ.

ಇವುಗಳ ಜೊತೆಗೆ ಒಂದು ಪುಟ್ಟ ಗೇಜ್: 40 ಮಿ.ಮೀ. ಉದ್ದದ ಅಲ್ಯೂಮಿನಿಯಂ ತುಂಡು, ಲೇತ್ ಮೇಲೆ ಕೊರೆಸಿದ 20.5 ಮಿ.ಮೀ. ತೂತು. ತೋಟಾವನ್ನು ಮೂತಿ ಕೆಳಗೆ ಮಾಡಿ ಬಿಟ್ಟರೆ ಲೋಹದ ಬುಡದವರೆಗೆ ತನ್ನ ಭಾರಕ್ಕೇ ಇಳಿಯಬೇಕು. ತಡೆದರೆ ಅದು ಅಭ್ಯಾಸದ ಪೆಟ್ಟಿಗೆಗೆ. ಪೆಟ್ಟಿಗೆಯಿಂದ ಆಗಷ್ಟೇ ತೆಗೆದ ತೋಟಾಗಳಲ್ಲೂ ಒಂದೆರಡು ನಿಂತವು. ಸ್ಪರ್ಧೆಗೆ ಒಯ್ಯುವ ಪ್ರತಿ ತೋಟಾವೂ ಇನ್ನು ಈ ತೂತು ದಾಟಿಯೇ ಹೋಗಬೇಕು. ಅಂಗೈಯಲ್ಲಿ ಹಿಡಿದ ತುಂಡಿನೊಳಗೆ ತೋಟಾ 'ಸುಯ್' ಎಂದು ಇಳಿದು ಬುಡ ತಾಗಿದಾಗ ಆಗುವ ಖುಷಿ ಸಣ್ಣದೇನಲ್ಲ.

ಲೇತಿನ ಮಾತು ಬಂದಾಗಲೇ ತಲೆಯಲ್ಲಿ ಕೂತದ್ದು ಮುಂದಿನ ಕೆಲಸ: ಚೋಕ್, ಅಂದರೆ ಚರೆ ಹರಡುವುದನ್ನು ಹಿಡಿತದಲ್ಲಿಡುವ ನಳಿಗೆಯ ಮೂತಿಯ ಬಿಗಿ. ಬಿಗಿಯೇ ಇಲ್ಲದ ಸಿಲಿಂಡರ್ ಮತ್ತು 0.25 ಮಿ.ಮೀ. ಬಿಗಿಯ ಇಂಪ್ರೂವ್ಡ್ ಸಿಲಿಂಡರ್, ಇವೆರಡನ್ನೂ 10, 15, 20 ಮೀಟರ್‌ನಲ್ಲಿ ಕಾಗದದ ಮೇಲೆ ಹೊಡೆದು ನೋಡಬೇಕು. ಮೀಟರ್ ಅಗಲದ ಕಾಗದ, ಹೊಡೆದ ಮೇಲೆ ದಟ್ಟಣೆಯ ನಡುವೆ 75 ಸೆಂ.ಮೀ. ವೃತ್ತ, ಪ್ರತಿ ದೂರಕ್ಕೆ ಐದು ಹಾಳೆ. 2.4 ಮಿ.ಮೀ. ಚರೆಯಾದರೆ 28 ಗ್ರಾಂನಲ್ಲಿ ಸುಮಾರು 345 ಕಾಳು. ವೃತ್ತದೊಳಗಿನ ತೂತು ಎಣಿಸುವುದಕ್ಕಿಂತ ಮುಖ್ಯ, ಸ್ಪರ್ಧೆಯಲ್ಲಿ ಹೊಡೆದು ಬೀಳಿಸುವ ಸ್ಟೀಲ್ ಪ್ಲೇಟಿನಷ್ಟು ಅಗಲದ ರಟ್ಟಿನ ತುಂಡನ್ನು ಹಾಳೆಯ ಮೇಲೆ ಸರಿಸುತ್ತ ಎಲ್ಲೆಲ್ಲಿ ಬರಿದು ಇದೆ ಎಂದು ಹುಡುಕುವುದು. ಪ್ಲೇಟ್ ಬೀಳದೆ ನಿಲ್ಲುವುದು ಆ ಬರಿದಿನಿಂದ. ಮೂವತ್ತು ಹಾಳೆ ಆಗಲೇ ಕತ್ತರಿಸಿ ಸುತ್ತಿಟ್ಟಿದೆ.

ಅದಕ್ಕೂ ಮೊದಲು ಬಾಕಿ ಒಂದಿದೆ. 1, 2 ಮತ್ತು 4ನೇ ಮ್ಯಾಗಜಿನ್ ಒಂಬತ್ತು ತೋಟಾದಂತೆ ತಲಾ ಹತ್ತು ಸಲ, ಒಟ್ಟು 270 ಗುಂಡು ತಡೆಯಿಲ್ಲದೆ ದಾಟಿವೆ. ಅಲ್ಲಾಡುವ 3ನೇ ನಂಬರಿನದು 60ರ ಹೊತ್ತಿಗೆ ಎರಡು ಸಲ ನಿಂತಿತು. ಈ ಸಲ ತೋಟಾ ದುಂಡಗೇ ಇದೆ, ಗೇಜ್ ದಾಟಿದೆ. ಬೋಲ್ಟ್ ರಿಮ್ ಮೇಲೆ ಜಾರಿಹೋದ ಗೀರು ಲೋಹದ ಬುಡದ ಮೇಲೆ ಕಾಣುತ್ತಿದೆ. ಕೊಂಡಿಯ ಕೆಳಗೆ 0.3 ಮಿ.ಮೀ. ತಗಡು ಅಂಟಿಸಿ ಎಪಾಕ್ಸಿ ಒಣಗಲು ಬಿಟ್ಟಿದೆ, ನಾಳೆ ಸಂಜೆವರೆಗೆ ಮುಟ್ಟುವಂತಿಲ್ಲ.